ಸುಂದ್ರಿಯ ಕೊಂಬಿನಲ್ಲಿ ಗೀಜಗನ ಗೂಡು

ಎಲ್ಲರೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿರಾ? ಹಾಂ, ಹಾಗೆ. ಪಕ್ಕದವರನ್ನು ಚಿವುಟಬಾರದು. ಕಥೆ ಹೊರಟಿತು ನೋಡಿ.

ಒಂದು ಊರು. ಊರಿಗೊಂದು ಸಣ್ಣ ಶಾಲೆ. ಶಾಲೆಗೆ ಒಂದೇ ಕೋಣೆ. ಕೋಣೆಗೆ ಒಂದೇ ಕಿಟಕಿ. ಆ ಶಾಲೆಯಲ್ಲಿ ಎರಡನೇ ಕ್ಲಾಸಿನಲ್ಲಿ ದ್ಯಾಮಿ ಅಂತ ಒಬ್ಬ ಹುಡುಗಿ. ಪೂರ್ತಿ ಹೆಸರು ದ್ಯಾಮವ್ವ. ಅಷ್ಟುದ್ದ ಹೆಸರು ಕೂಗಿ ಮುಗಿಸುವಷ್ಟರಲ್ಲಿ ಅವಳು ಓಡಿಹೋಗಿರುತ್ತಿದ್ದಳು. ಅದಕ್ಕೇ ದ್ಯಾಮಿ.

ಒಂದು ದಿನ ಶಾಲೆಗೆ ಕಾಗದ ಬಂತು. ನೀಲಮ್ಮ ಅಕ್ಕೋರು ಓದಿದರು. ಅಕ್ಕೋರು ಅಂದರೆ ಟೀಚರು. ಆ ಕಡೆ ಹಾಗೇ ಕರೆಯುತ್ತಾರೆ.

ಕಾಗದದಲ್ಲಿ ಏನಿತ್ತು?

ಸೋಮವಾರ ಹನ್ನೊಂದು ಗಂಟೆಗೆ, ಪ್ರಾಣಿ ಪಕ್ಷಿಗಳ ಪಾಠ ಹೇಳುವ ಪ್ರಾಣಿ ಮೇಡಂ ನಿಮ್ಮ ಗೋಡೆಯ ಮೇಲೆ ಬರುತ್ತಾರೆ. ಅವರು ದೂರದ ಪಟ್ಟಣದಲ್ಲಿ ಕೂತಿರುತ್ತಾರೆ. ಮಷಿನ್ನಿನ ಬೆಳಕಿನಲ್ಲಿ ನಿಮಗೆ ಕಾಣುತ್ತಾರೆ, ನೀವೂ ಅವರಿಗೆ ಕಾಣುತ್ತೀರಿ. ಕೋಣೆ ಕತ್ತಲಾಗಿರಬೇಕು. ಮಷಿನ್ನು ಇಡಲು ಗಟ್ಟಿ ಮೇಜು ಬೇಕು. ಮುಟ್ಟಿ ನೋಡಲು ಒಂದು ಸಾಧು ಪ್ರಾಣಿ ಇರಲಿ. ಪ್ರತಿ ಮಗುವಿನ ಕೈಯಲ್ಲೂ ಒಂದು ವಸ್ತು ಇರಲಿ, ಪ್ರಾಣಿಯದೋ ಹಕ್ಕಿಯದೋ. ಕೈಯಲ್ಲಿ ವಸ್ತು ಇದ್ದವರು ಅದರ ಬಗ್ಗೆ ಒಂದು ಪ್ರಶ್ನೆ ಕೇಳಬಹುದು.

ಅಷ್ಟೇ ಇತ್ತು. ಅಷ್ಟಕ್ಕೇ ಊರಲ್ಲಿ ಗದ್ದಲವೋ ಗದ್ದಲ.

ಒಬ್ಬ ಕುರಿಯ ಉಣ್ಣೆ ತಂದ. ಒಬ್ಬಳು ಹುಂಜದ ಗರಿ ತಂದಳು. ಒಬ್ಬ ಬಸವನಹುಳದ ಚಿಪ್ಪು ತಂದ. ಒಬ್ಬಳು ಆಡಿನ ಕೊಂಬು ತಂದಳು. ದ್ಯಾಮಿ ಏನು ತಂದಳು? ಗೀಜಗನ ಗೂಡು ತಂದಳು. ಜಾಲಿ ಮರದ ಕೆಳಗೆ ಬಿದ್ದಿತ್ತು. ಹುಲ್ಲಿನ ಎಳೆ ಎಳೆ ಹೆಣೆದ ಗೂಡು. ಕೆಳಗೆ ಉದ್ದನೆಯ ಕೊಳವೆ. ಕೈ ಹಾಕಿದರೆ ಒಳಗೆ ಮೆತ್ತಗೆ.

ಗೂಡು ತಂದಳು ಸರಿ. ತಂದ ಮೇಲೆ ಅವಳಿಗೊಂದು ಯೋಚನೆ ಹತ್ತಿತು.

“ಗೂಡು ನಾ ತಂದೆ. ಈಗ ಆ ಹಕ್ಕಿ ಎಲ್ಲಿ ಮಲಗತೈತಿ?”

ಅವ್ವನನ್ನು ಕೇಳಿದಳು. “ಎಲ್ಲೋ ಮಲಗತೈತಿ, ನೀ ಮೊದಲ ಮಲಕೋ” ಅಂದಳು ಅವ್ವ. ಅಪ್ಪನನ್ನು ಕೇಳಿದಳು. “ನಾ ಏನ ಹಕ್ಕಿ ಏನವಾ, ನನಗೇನ ಗೊತ್ತು?” ಅಂದ ಅಪ್ಪ. ಅಕ್ಕೋರನ್ನು ಕೇಳಿದಳು. “ಚಲೋ ಪ್ರಶ್ನೆ ದ್ಯಾಮಿ. ಪ್ರಾಣಿ ಮೇಡಂನ ಕೇಳು” ಅಂದರು ಅಕ್ಕೋರು.

ಸೋಮವಾರ ಯಾವಾಗ ಬರುತ್ತದೋ ಅಂತ ದ್ಯಾಮಿ ಕಾದಳು. ಪಾಪ, ಅವಳ ಕಣ್ಣಿಗೆ ಆ ಹಕ್ಕಿ ಎಲ್ಲೋ ಕೂತು ಅಳುತ್ತಿರುವ ಹಾಗೇ ಕಾಣುತ್ತಿತ್ತು. ಮನೆ ಕಳಕೊಂಡ ಹಕ್ಕಿ. ಮನೆ ಎತ್ತಿಕೊಂಡು ಬಂದವಳು ತಾನು.

ಸೋಮವಾರ ಬಂತು. ಊರವರು ಬೆಳಗಾಗುತ್ತಲೇ ಶಾಲೆಗೆ ಬಂದರು. ಮೇಡಂ ಬರುತ್ತಾರಲ್ಲ! “ಗೋಡೆ ಮ್ಯಾಲೆ ಬರ್ತಾರ್ರೀ, ಖರೇನ ಬರಂಗಿಲ್ಲ” ಅಂತ ಅಕ್ಕೋರು ಹೇಳಿದರು. ಕೇಳುವವರು ಯಾರು? ಕುರ್ಚಿ ಹಾಕಿದರು. ಕುರ್ಚಿಗೆ ಶಾಲು ಹೊದಿಸಿದರು. ತಂಬಿಗೆಯಲ್ಲಿ ನೀರು ಇಟ್ಟರು. ನೀರಿನ ಜೊತೆ ಬೆಲ್ಲ ಇಟ್ಟರು. ಬಂದವರಿಗೆ ಬೆಲ್ಲ ನೀರು ಕೊಡದಿದ್ದರೆ ಊರಿನ ಮಾನ ಏನಾಗಬೇಕು?

ಅಡುಗೆಯ ಪಾರವ್ವ ಕೋಣೆ ಗುಡಿಸಿದಳು. ಮೂಲೆ ಮೂಲೆ ಗುಡಿಸಿದಳು. ಉಣ್ಣೆ, ಗರಿ, ಚಿಪ್ಪು, ಕೊಂಬು ಎಲ್ಲ ಅಕ್ಕೋರ ಡಬ್ಬಿಯಲ್ಲಿ ಇದ್ದವು. ಗೂಡು ಮಾತ್ರ ಡಬ್ಬಿಯಲ್ಲಿ ಹಿಡಿಸಿರಲಿಲ್ಲ. ಬೆಂಚಿನ ಮೇಲೆ ಇತ್ತು.

“ಯವ್ವಾ, ಮೇಡಂ ಬರೋ ಹೊತ್ತಿನ್ಯಾಗ ಇದೇನ್ ಹುಲ್ಲು!” ಅಂದಳು ಪಾರವ್ವ. ಕಸದ ಬುಟ್ಟಿಗೆ ಹಾಕಿದಳು. ಕಾಂಪೌಂಡಿನ ಆಚೆ, ತಿಪ್ಪೆಗೆ ಸುರಿದಳು. ಕೈ ಕೊಡವಿಕೊಂಡು ಅಡುಗೆಮನೆಗೆ ಹೋದಳು.

ತಿಪ್ಪೆಯ ಹತ್ತಿರ ಯಾರಿದ್ದರು? ಯಲ್ಲಜ್ಜನ ಎಮ್ಮೆ. ಎಮ್ಮೆಯ ಹೆಸರು ಸುಂದ್ರಿ. ನಗಬೇಡಿ, ಯಲ್ಲಜ್ಜನಿಗೆ ಅವಳು ಸುಂದರಿಯೇ. ಸುಂದ್ರಿ ತಲೆ ತಗ್ಗಿಸಿ ತಿಪ್ಪೆ ಮೂಸಿದಳು. ತಲೆ ಎತ್ತಿದಳು. ಎತ್ತಿದರೆ ಏನು? ಬಲಗೊಂಬಿನಲ್ಲಿ ಗೂಡು! ಟೊಪ್ಪಿಗೆ ಹಾಕಿದ ಹಾಗೆ ಕೂತುಬಿಟ್ಟಿದೆ.

ಸುಂದ್ರಿಗೆ ಅದರ ಪರಿವೆಯೇ ಇಲ್ಲ. ಬಿಸಿಲು ಏರಿತ್ತು. ಮೆಲ್ಲಗೆ ಹೊಂಡಕ್ಕೆ ನಡೆದಳು. ಕುತ್ತಿಗೆವರೆಗೆ ನೀರಿನಲ್ಲಿ ನಿಂತಳು.

ಹತ್ತು ಗಂಟೆಗೆ ದ್ಯಾಮಿ ಶಾಲೆಗೆ ಬಂದಳು. ಬೆಂಚಿನ ಮೇಲೆ ನೋಡಿದಳು. ಗೂಡಿಲ್ಲ. ಬೆಂಚಿನ ಕೆಳಗೆ ನೋಡಿದಳು. ಗೂಡಿಲ್ಲ. ಕಿಟಕಿಯಿಂದ ಹೊರಗೆ ನೋಡಿದಳು. ದೂರದಲ್ಲಿ ಹೊಂಡ. ಹೊಂಡದಲ್ಲಿ ಸುಂದ್ರಿ. ಸುಂದ್ರಿಯ ಕೊಂಬಿನಲ್ಲಿ ಗೂಡು!

ಎಲ್ಲ ಮಕ್ಕಳ ಕೈಯಲ್ಲೂ ವಸ್ತು ಇದೆ. ದ್ಯಾಮಿಯ ಕೈ ಖಾಲಿ. ಕೈ ಖಾಲಿ ಇದ್ದರೆ ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದಿದ್ದರೆ ಹಕ್ಕಿಯ ಸುದ್ದಿ ಇಲ್ಲ.

ದ್ಯಾಮಿ ಅತ್ತಳಾ? ಇಲ್ಲ. ಓಡಿದಳು.

ಹೊಂಡದ ದಂಡೆಯಲ್ಲಿ ಯಲ್ಲಜ್ಜ ಕೂತಿದ್ದ. ಎರಡೂ ಕೈಯಲ್ಲಿ ಎರಡೂ ಮೊಣಕಾಲು ಒತ್ತಿಕೊಳ್ಳುತ್ತಿದ್ದ.

“ಯಲ್ಲಜ್ಜಾ, ಯಲ್ಲಜ್ಜಾ, ಸುಂದ್ರೀನ ಕರಿ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

“ಅಯ್ಯ ನನ್ನ ಕೂಸ!” ಅಂದ ಯಲ್ಲಜ್ಜ. “ನಾ ಕರದರ ಆಕಿ ಬಂದಾಳೇನು? ನೀರಿಗೆ ಇಳದ್ಲು ಅಂದ್ರ ಸಂಜೀಗೇ ಏಳಾಕಿ. ಇಳದು ಹೊಡಕೊಂಡು ಬರಾಕ ನನ್ನ ಮೊಣಕಾಲು ಕೇಳಂಗಿಲ್ಲ. ಒಂದ ಕೆಲಸ ಮಾಡು. ಹಿಂಡಿ ತಗೊಂಡು ಬಾ. ಹಿಂಡಿ ವಾಸನಿ ಬಂದರ ಓಡಿ ಬರ್ತಾಳ. ಗಾಣದ ಶಾಂತತ್ತಿ ಹಂತೇಕ ಐತಿ ನೋಡು.”

ಹಿಂಡಿ ಅಂದರೆ ಗೊತ್ತಲ್ಲ? ಶೇಂಗಾ ಹಿಂಡಿ ಎಣ್ಣೆ ತೆಗೆದ ಮೇಲೆ ಗಟ್ಟಿ ಚಕ್ಕೆ ಉಳಿಯುತ್ತದೆ. ದನಗಳಿಗೆ ಅದೆಂದರೆ ಪ್ರಾಣ.

ದ್ಯಾಮಿ ಅತ್ತಳಾ? ಇಲ್ಲ. ಓಡಿದಳು.

ಗಾಣದ ಮನೆಯಲ್ಲಿ ಶಾಂತತ್ತಿ ಇದ್ದಳು. ಎರಡೂ ಕೈ ಎಣ್ಣೆ.

“ಶಾಂತತ್ತೀ, ಶಾಂತತ್ತೀ, ಹಿಂಡಿ ಕೊಡು.
ಹಿಂಡಿ ಕೊಟ್ಟರ ಸುಂದ್ರಿ ಬರ್ತಾಳ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

“ಹಿಂಡಿ ಐತವ್ವಾ, ಯಾಕಿಲ್ಲ” ಅಂದಳು ಶಾಂತತ್ತಿ. “ಅಟ್ಟದ ಮ್ಯಾಲೆ ಐತಿ. ನೋಡಲ್ಲೆ, ಎಷ್ಟು ಎತ್ತರ! ನನ್ನ ಕೈ ನಿಲುಕಂಗಿಲ್ಲ, ನಿನ್ನ ಕೈ ನಿಲುಕಂಗಿಲ್ಲ. ಏಣಿ ಬೇಕು. ಏಣಿ ನಿಮ್ಮ ಸಾಲಿಗೇ ಒಯ್ದಾರ. ಬೀರಪ್ಪನ ಕಡೆ ಐತಿ. ಏಣಿ ತಾ, ಹತ್ತಿ ಕೊಡ್ತೀನಿ.”

ಸಾಲಿ ಅಂದರೆ ಶಾಲೆ. ಬಂದ ದಾರಿಗೇ ಮತ್ತೆ ಹೋಗಬೇಕು.

ದ್ಯಾಮಿ ಅತ್ತಳಾ? ಇಲ್ಲ. ಓಡಿದಳು.

ಶಾಲೆಯ ಕಿಟಕಿಗೆ ಏಣಿ. ಏಣಿಯ ಮೇಲೆ ಬೀರಪ್ಪ ಕಾಕಾ. ಕುರಿ ಕಾಯುವ ಬೀರಪ್ಪ ಕಾಕಾ. ಕೋಣೆ ಕತ್ತಲಾಗಲಿ ಅಂತ ತನ್ನ ಕರಿ ಕಂಬಳಿ ತಂದಿದ್ದ. ಎರಡೂ ಕೈ ಮೇಲೆತ್ತಿ ಕಿಟಕಿಗೆ ಕಂಬಳಿ ಒತ್ತಿ ಹಿಡಿದಿದ್ದ.

“ಬೀರಪ್ಪ ಕಾಕಾ, ಬೀರಪ್ಪ ಕಾಕಾ, ಏಣಿ ಕೊಡು.
ಏಣಿ ಕೊಟ್ಟರ ಶಾಂತತ್ತಿ ಹಿಂಡಿ ಕೊಡ್ತಾಳ.
ಹಿಂಡಿ ಕೊಟ್ಟರ ಸುಂದ್ರಿ ಬರ್ತಾಳ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

“ಹೆಂಗ ಕೊಡ್ಲಿ ನನ್ನವ್ವಾ?” ಅಂದ ಬೀರಪ್ಪ ಕಾಕಾ. “ಏಣಿ ಕೊಟ್ಟರ ನಾ ಇಳೀಬೇಕು. ಇಳದರ ಕೈ ಬಿಡಬೇಕು. ಕೈ ಬಿಟ್ಟರ ಕಂಬಳಿ ಬೀಳತೈತಿ. ಕಂಬಳಿ ಬಿದ್ದರ ಬಿಸಲು ಬರತೈತಿ. ಬಿಸಲು ಬಂದರ ಮೇಡಂ ಕಾಣಂಗಿಲ್ಲ. ಆಗಿನಿಂದ ಹಿಂಗ ನಿಂತೀನಿ, ಮೂಗು ತುರಸಾಕತ್ತೈತಿ, ತುರಿಸ್ಕೊಳ್ಳಾಕ ಕೈ ಇಲ್ಲ! ಮೊಳಿ ತಾ. ಮೊಳಿ ಬಡದು ಇಳೀತೀನಿ. ಬಡಿಗೇರ ಮೌನೇಶನ ಹಂತೇಕ ಮೊಳಿ ಅದಾವು.”

ಪಾಪ, ದ್ಯಾಮಿ ಒಂದು ಮೆಟ್ಟಿಲು ಹತ್ತಿ ನೋಡಿದಳು. ಮೂಗು ತುರಿಸೋಣ ಅಂದರೆ ಅವಳ ಕೈಯೂ ನಿಲುಕಲಿಲ್ಲ.

ದ್ಯಾಮಿ ಅತ್ತಳಾ? ಇಲ್ಲ. ಓಡಿದಳು.

ಬಡಿಗೇರ ಮೌನೇಶ ಮಾಮಾ ತನ್ನ ಮನೆಕಟ್ಟೆಯ ಮೇಲೆ ಕೂತಿದ್ದ. ಮುಂದೆ ಶಾಲೆಯ ಹಳೆಯ ಮೇಜು, ಕಾಲು ಮೇಲೆ ಮಾಡಿ ಮಲಗಿತ್ತು. ಮೂರು ಕಾಲು ಗಟ್ಟಿ. ನಾಲ್ಕನೆಯದಕ್ಕೆ ಈಗಷ್ಟೇ ಅಂಟು ಹಚ್ಚಿದ್ದ. ಆ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ.

“ಮೌನೇಶ ಮಾಮಾ, ಮೌನೇಶ ಮಾಮಾ, ಮೊಳಿ ಕೊಡು.
ಮೊಳಿ ಕೊಟ್ಟರ ಬೀರಪ್ಪ ಕಾಕಾ ಏಣಿ ಕೊಡ್ತಾನ.
ಏಣಿ ಕೊಟ್ಟರ ಶಾಂತತ್ತಿ ಹಿಂಡಿ ಕೊಡ್ತಾಳ.
ಹಿಂಡಿ ಕೊಟ್ಟರ ಸುಂದ್ರಿ ಬರ್ತಾಳ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

ಮೌನೇಶ ಮಾಮಾ ತಲೆ ಎತ್ತಲೂ ಇಲ್ಲ. ಉಸಿರನ್ನೂ ಮೆಲ್ಲಗೆ ಬಿಟ್ಟ.

“ಮೊಳಿ ನನ್ನ ಕಿಸೇದಾಗ ಅದಾವು. ಕಿಸೇಕ ಕೈ ಹಾಕಬೇಕಲ್ಲ? ಕೈ ತಗದರ ಕಾಲು ಬೀಳತೈತಿ. ಕಾಲು ಬಿದ್ದರ ಮೇಜು ಬೀಳತೈತಿ. ಮೇಜು ಬಿದ್ದರ ಮಷಿನ್ನು ಬೀಳತೈತಿ. ಆಮ್ಯಾಲ ನಿಮ್ಮ ಅಕ್ಕೋರು ನನ್ನನ್ನ ಬೆಂಚಿನ ಮ್ಯಾಲೆ ನಿಂದರಸ್ತಾರ. ಹಗ್ಗ ತಾ. ಕಾಲು ಬಿಗದು ಕಟ್ಟಿ, ಮೊಳಿ ಕೊಡ್ತೀನಿ. ಹಗ್ಗ ಹುಸೇನಬಿ ಆಯಿ ಹಂತೇಕ ಐತಿ. ಬೇವಿನ ಗಿಡದ ಕೆಳಗ ಕುಂತಾಳ.”

ಬೇವಿನ ಗಿಡ ಎಲ್ಲಿ? ಶಾಲೆಯ ಬಾಗಿಲಲ್ಲೇ. ಮತ್ತೆ ಶಾಲೆಗೇ!

ದ್ಯಾಮಿ ಅತ್ತಳಾ? ಅಳು ಗಂಟಲವರೆಗೆ ಬಂತು. ನುಂಗಿದಳು. ಓಡಿದಳು.

ಬೇವಿನ ಗಿಡದ ನೆರಳಲ್ಲಿ ಹುಸೇನಬಿ ಆಯಿ ಕೂತಿದ್ದಳು. ಪಕ್ಕದಲ್ಲಿ ಅವಳ ಆಡಿನ ಮರಿ. ಮಕ್ಕಳು ಮುಟ್ಟಿ ನೋಡಲಿ, ಎದೆಗೆ ಕಿವಿ ಇಟ್ಟು ಲಬ್ ಡಬ್ ಕೇಳಲಿ ಅಂತ ತಂದಿದ್ದಳು. ಸಾಧು ಪ್ರಾಣಿ ತನ್ನಿ ಅಂದಿದ್ದರಲ್ಲ? ಈ ಮರಿ ಸಾಧು ಹೌದೋ ಅಲ್ಲವೋ ಆಯಿಗೇ ಗೊತ್ತು. ಹಗ್ಗ ಜಗ್ಗುತ್ತಿತ್ತು. ನೆಗೆಯುತ್ತಿತ್ತು. ಆಯಿ ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಳು.

“ಹುಸೇನಬಿ ಆಯೀ, ಹುಸೇನಬಿ ಆಯೀ, ಹಗ್ಗ ಕೊಡು.
ಹಗ್ಗ ಕೊಟ್ಟರ ಮೌನೇಶ ಮಾಮಾ ಮೊಳಿ ಕೊಡ್ತಾನ.
ಮೊಳಿ ಕೊಟ್ಟರ ಬೀರಪ್ಪ ಕಾಕಾ ಏಣಿ ಕೊಡ್ತಾನ.
ಏಣಿ ಕೊಟ್ಟರ ಶಾಂತತ್ತಿ ಹಿಂಡಿ ಕೊಡ್ತಾಳ.
ಹಿಂಡಿ ಕೊಟ್ಟರ ಸುಂದ್ರಿ ಬರ್ತಾಳ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

“ಬೇಟೀ, ಉಸರು ತಗೋ, ಉಸರು ತಗೋ” ಅಂದಳು ಆಯಿ. “ಹಗ್ಗ ಕೊಡಾಕ ನಂದೇನೂ ತಕರಾರ ಇಲ್ಲ. ಹಗ್ಗ ಬಿಟ್ಟೆ ಅಂದ್ರ ಈ ಕಳ್ಳ ಮರಿ ಪಕ್ಕದೂರಿಗೆ ಹೋಗಿ ನಿಂದರತೈತಿ. ನಿಮ್ಮ ಮೇಡಂಗ ನಾ ಏನು ತೋರಸ್ಲಿ, ಬರೀ ಕೈ? ಇದರ ಬಾಯಿಗೆ ಏನರ ಹಾಕಬೇಕು. ಸೊಪ್ಪು ತಾ. ಸೊಪ್ಪು ಕಂಡರ ಕಲ್ಲಾಗಿ ನಿಂದರತೈತಿ. ಅಡಿಗಿ ಮನ್ಯಾಗ ಪಾರವ್ವನ ಕೇಳು.”

ದ್ಯಾಮಿ ಓಡಿದಳು. ಅತ್ತಳಾ ಅಂತ ಈಗ ಕೇಳಬೇಡಿ. ಅಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಪಾರವ್ವ. ಒಲೆಯ ಮೇಲೆ ದೊಡ್ಡ ಪಾತ್ರೆ. ಪಾತ್ರೆಯಲ್ಲಿ ಮಧ್ಯಾಹ್ನದ ಸಾಂಬಾರು. ಪಾರವ್ವನ ಎರಡೂ ಕೈಯಲ್ಲಿ ಉದ್ದನೆಯ ಸೌಟು. ತಿರುಗಿಸುತ್ತಿದ್ದಳು, ತಿರುಗಿಸುತ್ತಿದ್ದಳು. ಒಂದು ಕ್ಷಣ ಬಿಟ್ಟರೆ ಬೇಳೆ ತಳ ಹತ್ತುತ್ತದೆ.

“ಪಾರವ್ವಾ, ಪಾರವ್ವಾ, ಸೊಪ್ಪು ಕೊಡು.
ಸೊಪ್ಪು ಕೊಟ್ಟರ ಹುಸೇನಬಿ ಆಯಿ ಹಗ್ಗ ಕೊಡ್ತಾಳ.
ಹಗ್ಗ ಕೊಟ್ಟರ ಮೌನೇಶ ಮಾಮಾ ಮೊಳಿ ಕೊಡ್ತಾನ.
ಮೊಳಿ ಕೊಟ್ಟರ ಬೀರಪ್ಪ ಕಾಕಾ ಏಣಿ ಕೊಡ್ತಾನ.
ಏಣಿ ಕೊಟ್ಟರ ಶಾಂತತ್ತಿ ಹಿಂಡಿ ಕೊಡ್ತಾಳ.
ಹಿಂಡಿ ಕೊಟ್ಟರ ಸುಂದ್ರಿ ಬರ್ತಾಳ.
ಸುಂದ್ರಿ ಬಂದರ ಗೂಡು ಸಿಗತೈತಿ.
ಗೂಡು ಸಿಕ್ಕರ ಪ್ರಶ್ನೆ ಕೇಳ್ತೀನಿ,
ಹಕ್ಕಿ ಎಲ್ಲಿ ಮಲಗತೈತಿ?”

ಸೌಟು ನಿಂತಿತು.

“ಗೂಡು?” ಅಂದಳು ಪಾರವ್ವ. “ಯಾವ ಗೂಡ? ಬೆಂಚಿನ ಮ್ಯಾಲೆ ಹುಲ್ಲಿಂದು ಇತ್ತಲ್ಲ, ಅದಾ?”

“ಹೂಂ. ಅದ.”

ಪಾರವ್ವನ ಮುಖ ಇಷ್ಟೇ ಸಣ್ಣದಾಯಿತು.

“ಅಯ್ಯೋ ನನ್ನ ಬಂಗಾರ! ಅದನ್ನ ಚೆಲ್ಲಿದಾಕಿ ನಾನ. ಕಸ ಅಂತ ತಿಳಕೊಂಡು ಈ ಕೈಲೇ ಚೆಲ್ಲಿದೆ.”

ದ್ಯಾಮಿ ಪಾರವ್ವನನ್ನು ನೋಡಿದಳು. ಸಿಟ್ಟು ಬರಬೇಕಿತ್ತು, ಅಲ್ಲವಾ? ಬರಲಿಲ್ಲ. ಪಾರವ್ವನ ತುಟಿ ನಡುಗುತ್ತಿತ್ತು. ಅದನ್ನು ನೋಡಿ ಅವಳಿಗೇ ಒಂಥರಾ ಆಯಿತು.

“ಹುಲ್ಲಿನಂಗ ಕಾಣತೈತಿ ಬಿಡು” ಅಂದಳು ದ್ಯಾಮಿ.

ಈಗ ಕೇಳಿ. ಅಜ್ಜನ ಮೊಣಕಾಲು ಕೇಳಲಿಲ್ಲ. ಅತ್ತಿಯ ಕೈ ನಿಲುಕಲಿಲ್ಲ. ಕಾಕಾ ಕೈ ಬಿಡಲಿಲ್ಲ. ಮಾಮಾ ಕೈ ಬಿಡಲಿಲ್ಲ. ಆಯಿ ಕೈ ಬಿಡಲಿಲ್ಲ. ಯಾರದೂ ತಪ್ಪಲ್ಲ, ಎಲ್ಲರ ಕೈಯಲ್ಲೂ ಶಾಲೆಯದೋ ಮನೆಯದೋ ಕೆಲಸ ಇತ್ತು. ಪಾರವ್ವನ ಕೈಯಲ್ಲಿ ಮಾತ್ರ ಇಲ್ಲವಾ? ಅವಳ ಕೈಯಲ್ಲೂ ಇತ್ತು. ಆದರೆ ಪಾರವ್ವ ಸೌಟು ಬಿಟ್ಟಳು!

“ತಳ ಹತ್ತಿದರ ಹತ್ತಲಿ” ಅಂದಳು. ಮೂಲೆಯಲ್ಲಿದ್ದ ಮೆಂತ್ಯ ಸೊಪ್ಪಿನ ಕಟ್ಟು ಎತ್ತಿಕೊಂಡಳು. ದ್ಯಾಮಿಯ ಕೈ ಹಿಡಿದುಕೊಂಡಳು. “ನಡಿ!”

ಇಬ್ಬರೂ ಬೇವಿನ ಗಿಡಕ್ಕೆ ಬಂದರು. ಪಾರವ್ವ ಸೊಪ್ಪು ಕೊಟ್ಟಳು. ಮರಿ ಬಾಯಿ ಹಾಕಿತು, ಕಲ್ಲಾಗಿ ನಿಂತಿತು. ಹುಸೇನಬಿ ಆಯಿ ಹಗ್ಗ ಬಿಚ್ಚಿ ಕೊಟ್ಟಳು.

ದ್ಯಾಮಿ ಓಡಿದಳು. ಹಿಂದೆ ಪಾರವ್ವ ಓಡಿದಳು.

ಮೌನೇಶ ಮಾಮಾನಿಗೆ ಹಗ್ಗ ಕೊಟ್ಟರು. ಅವನು ಮೇಜಿನ ಕಾಲು ಬಿಗಿದು ಕಟ್ಟಿದ. ಕಿಸೆಯಿಂದ ಮೊಳೆ ತೆಗೆದು ಕೊಟ್ಟ. “ನನ್ನ ಕೈ ಖಾಲಿ ಆತು, ನಾನೂ ಬರ್ತೀನಿ” ಅಂದ. ಮೇಜು ತಲೆಯ ಮೇಲೆ ಹೊತ್ತ.

ದ್ಯಾಮಿ ಓಡಿದಳು. ಹಿಂದೆ ಪಾರವ್ವ ಓಡಿದಳು. ಹಿಂದೆ ಮೇಜು ಓಡಿತು. ಮೇಜಿನ ಕೆಳಗೆ ಮೌನೇಶ ಮಾಮಾ ಇದ್ದ ಅನ್ನಿ.

ಬೀರಪ್ಪ ಕಾಕಾನಿಗೆ ಮೊಳೆ ಕೊಟ್ಟರು. ಟಕ್ ಟಕ್ ಬಡಿದ. ಕಂಬಳಿ ನಿಂತಿತು. ಕೋಣೆ ಕತ್ತಲಾಯಿತು. ಕಾಕಾ ಕೆಳಗಿಳಿದ. ಮೊದಲು ಏನು ಮಾಡಿದ? ಮೂಗು ತುರಿಸಿಕೊಂಡ! ಚೆನ್ನಾಗಿ ತುರಿಸಿಕೊಂಡ. ಆಮೇಲೆ ಏಣಿ ಹೆಗಲಿಗೆ ಹಾಕಿಕೊಂಡ. “ಇದು ನಿನಗ ಭಾರ ಆಗತೈತಿ ದ್ಯಾಮಿ. ನಾ ತರ್ತೀನಿ.” ಮೌನೇಶ ಮಾಮಾ ಮೇಜನ್ನು ಅಕ್ಕೋರಿಗೆ ಒಪ್ಪಿಸಿದ. ಅಕ್ಕೋರು ಮೇಜಿನ ಮೇಲೆ ಮಷಿನ್ನು ಇಟ್ಟರು. “ಲಗೂ ಬರ್ರಿ” ಅಂದರು. “ಹನ್ನೊಂದಕ್ಕ ಹತ್ತ ನಿಮಿಷ ಐತಿ!”

ದ್ಯಾಮಿ ಓಡಿದಳು. ಹಿಂದೆ ಪಾರವ್ವ ಓಡಿದಳು. ಹಿಂದೆ ಮೌನೇಶ ಮಾಮಾ ಓಡಿದ. ಹಿಂದೆ ಏಣಿ ಹೊತ್ತು ಬೀರಪ್ಪ ಕಾಕಾ ಓಡಿದ.

ಶಾಂತತ್ತಿಯ ಅಟ್ಟಕ್ಕೆ ಏಣಿ ಇಟ್ಟರು. ಶಾಂತತ್ತಿ ಸೀರೆ ಕಚ್ಚೆ ಕಟ್ಟಿದಳು. ಏಣಿ ಹತ್ತಿದಳು. ಹಿಂಡಿ ಇಳಿಸಿದಳು. “ಇದನ್ನ ನೋಡದ ನಾ ಇರಂಗಿಲ್ಲ” ಅಂದು ಅವಳೂ ಹೊರಟಳು.

ದ್ಯಾಮಿ ಓಡಿದಳು. ಹಿಂದೆ ಪಾರವ್ವ ಓಡಿದಳು. ಹಿಂದೆ ಮೌನೇಶ ಮಾಮಾ ಓಡಿದ. ಹಿಂದೆ ಬೀರಪ್ಪ ಕಾಕಾ ಓಡಿದ. ಹಿಂದೆ ಹಿಂಡಿ ಹಿಡಿದು ಶಾಂತತ್ತಿ ಓಡಿದಳು.

ಹೊಂಡದ ದಂಡೆಗೆ ಬಂದರು. ಯಲ್ಲಜ್ಜ ಎದ್ದು ನಿಂತ.

“ಸುಂದ್ರೀ! ಹಿಂಡಿ ಬಂತವ್ವಾ!”

ಸುಂದ್ರಿ ಕಿವಿ ಅಲ್ಲಾಡಿಸಿದಳು. ಮೂಗು ಅರಳಿಸಿದಳು. ಆಮೇಲೆ ಮೆಲ್ಲಗೆ ತಲೆ ತಗ್ಗಿಸಿದಳು. ತಗ್ಗಿಸಿದಳು, ತಗ್ಗಿಸಿದಳು. ಗೂಡಿನ ತುದಿ ನೀರಿಗೆ ತಾಗಿತು.

“ಮುಳಗಿಸ್ತಾಳ!” ಅಂದ ಬೀರಪ್ಪ ಕಾಕಾ. “ಕೂಗಬ್ಯಾಡ, ಹೆದರತಾಳ!” ಅಂತ ಅವನಿಗಿಂತ ಜೋರಾಗಿ ಕೂಗಿದ ಮೌನೇಶ ಮಾಮಾ.

ದ್ಯಾಮಿ ಕೂಗಲಿಲ್ಲ. ಶಾಂತತ್ತಿಯ ಕೈಯಿಂದ ಒಂದು ಚಕ್ಕೆ ಹಿಂಡಿ ತೆಗೆದುಕೊಂಡಳು. ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಂಗೈ ಚಾಚಿದಳು.

“ಬಾ” ಅಂದಳು. ಅಷ್ಟೇ ಅಂದಳು.

ಸುಂದ್ರಿ ತಲೆ ಎತ್ತಿದಳು. ಬುಳುಕ್ ಬುಳುಕ್ ಅಂತ ಬಂದಳು. ನೀರು ಸುರಿಸುತ್ತಾ ದಂಡೆ ಹತ್ತಿದಳು. ಒರಟು ನಾಲಿಗೆಯಿಂದ ದ್ಯಾಮಿಯ ಅಂಗೈ ನೆಕ್ಕಿದಳು. ದ್ಯಾಮಿ ಇನ್ನೊಂದು ಕೈಯಿಂದ ಕೊಂಬಿನ ಗೂಡು ಮೆಲ್ಲಗೆ ಬಿಡಿಸಿದಳು. ತುದಿ ಒಂದಿಷ್ಟು ಒದ್ದೆ. ಒಂದೆರಡು ಎಳೆ ಸಡಿಲ. ಅಷ್ಟೇ. ಗೂಡು ಗೂಡಾಗಿಯೇ ಇತ್ತು.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಢಣ್! ಢಣ್! ಢಣ್!

ದ್ಯಾಮಿ ಓಡಿದಳು. ಹಿಂದೆ ಪಾರವ್ವ ಓಡಿದಳು. ಹಿಂದೆ ಮೌನೇಶ ಮಾಮಾ ಓಡಿದ. ಹಿಂದೆ ಬೀರಪ್ಪ ಕಾಕಾ ಓಡಿದ. ಹಿಂದೆ ಶಾಂತತ್ತಿ ಓಡಿದಳು. ಹಿಂದೆ ಯಲ್ಲಜ್ಜ, ಮೊಣಕಾಲು ಮರೆತು, ಓಡಿದ. ಎಲ್ಲರ ಹಿಂದೆ ಸುಂದ್ರಿ! ಅವಳನ್ನು ಕರೆದವರು ಯಾರೂ ಇಲ್ಲ. ಹಿಂಡಿಯ ವಾಸನೆ ಎಲ್ಲಿಗೆ ಹೋಗುತ್ತದೋ ಅವಳೂ ಅಲ್ಲಿಗೆ.

ಕೋಣೆ ಕತ್ತಲಾಗಿತ್ತು. ಗೋಡೆ ಬೆಳಗುತ್ತಿತ್ತು. ಗೋಡೆಯ ಮೇಲೆ ಪ್ರಾಣಿ ಮೇಡಂ ಬಂದಿದ್ದರು. ಕನ್ನಡಕ ಹಾಕಿದ್ದರು. ನಗುತ್ತಿದ್ದರು.

“ಏನೇನು ತಂದಿದ್ದೀರಿ, ಕೈ ಎತ್ತಿ ತೋರಿಸಿ ಮಕ್ಕಳೇ” ಅಂದರು.

ಒಬ್ಬ ಉಣ್ಣೆ ಎತ್ತಿದ. ಒಬ್ಬಳು ಗರಿ ಎತ್ತಿದಳು. ಒಬ್ಬ ಚಿಪ್ಪು ಎತ್ತಿದ. ಒಬ್ಬಳು ಕೊಂಬು ಎತ್ತಿದಳು. ಹುಸೇನಬಿ ಆಯಿ ಮರಿಯನ್ನೇ ಎತ್ತಿದಳು. ಅಷ್ಟು ಹೊತ್ತಿಗೆ ಬಾಗಿಲು ತುಂಬ ಒಂದು ಕರಿ ತಲೆ ಬಂತು.

“ಅಯ್ಯೋ, ಅದನ್ನು ಯಾರು ತಂದಿದ್ದು?” ಅಂತ ಮೇಡಂ ಕುರ್ಚಿಯಿಂದ ಅರ್ಧ ಎದ್ದರು.

“ನಾ ತಂದಿಲ್ರೀ, ತಾನ ಬಂದಾಳ” ಅಂದ ಯಲ್ಲಜ್ಜ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅಷ್ಟು ನಕ್ಕರು.

ಒಬ್ಬೊಬ್ಬರೇ ಪ್ರಶ್ನೆ ಕೇಳಿದರು. ದ್ಯಾಮಿಯ ಸರದಿ ಬಂತು. ಅವಳು ಎದ್ದು ನಿಂತಳು. ಎರಡೂ ಕೈಯಲ್ಲಿ ಗೂಡು ಎತ್ತಿ ಹಿಡಿದಳು. ಸ್ವರ ಬಲು ಸಣ್ಣಗೆ ಬಂತು.

“ಮೇಡಂ, ಗೂಡು ನಾ ತಂದೀನಿ. ಈಗ ಆ ಹಕ್ಕಿ ಎಲ್ಲಿ ಮಲಗತೈತಿ?”

ಮೇಡಂ ನಗಲಿಲ್ಲ. ಮುಂದೆ ಬಾಗಿದರು. ಗೂಡು ನೋಡಿದರು.

“ಎಲ್ಲಿ ಸಿಕ್ಕಿತು ಪುಟ್ಟಿ?”

“ಜಾಲಿ ಗಿಡದ ಕೆಳಗ ಬಿದ್ದಿತ್ರೀ.”

“ಹಾಗಾದರೆ ಕೇಳು. ಗೀಜಗ ಗೂಡು ಹೆಣೆಯುವುದು ಮರಿಗಳಿಗೋಸ್ಕರ. ಮೊಟ್ಟೆ ಇರುವಾಗ, ಮರಿ ಇರುವಾಗ ತಾಯಿ ಅದರಲ್ಲಿ ಮಲಗುತ್ತಾಳೆ. ಮರಿಗಳಿಗೆ ರೆಕ್ಕೆ ಬಂತು, ಹಾರಿಹೋದವು. ಆಮೇಲೆ ಈ ಗೂಡು ಅವಕ್ಕೆ ಬೇಡ. ಈಗ ಬಳಗದವರೆಲ್ಲ ಒಟ್ಟಿಗೆ, ಕೆರೆಯ ಜೊಂಡಿನಲ್ಲೋ ಕಬ್ಬಿನ ಹೊಲದಲ್ಲೋ, ಒತ್ತಿಕೊಂಡು ಮಲಗುತ್ತವೆ. ಮಳೆ ಬಂದಾಗ ಹೊಸ ಗೂಡು ಹೆಣೆಯುತ್ತವೆ.”

“ಎಲ್ಲಾರೂ ಕೂಡೇ ಮಲಗ್ತಾವ?”

“ಎಲ್ಲರೂ ಕೂಡಿ.”

“ಅಳಾಕತ್ತಿಲ್ಲ?”

“ಇಲ್ಲ ಪುಟ್ಟಿ. ನೀನು ಅದರ ಮನೆ ಕಿತ್ತುಕೊಂಡಿಲ್ಲ. ಅದು ಬಿಟ್ಟುಹೋದದ್ದನ್ನು ನೀನು ಜೋಪಾನ ಮಾಡಿದ್ದೀಯ.”

ದ್ಯಾಮಿ ಅತ್ತಳಾ? ಹೌದು. ಈಗ ಅತ್ತಳು. ಗಂಟಲಲ್ಲಿ ನುಂಗಿ ಇಟ್ಟಿದ್ದ ಅಳು ಎಲ್ಲ ಬಂತು. ಪಾರವ್ವ ಬಂದು ಪಕ್ಕದಲ್ಲಿ ಕೂತು, ಸೆರಗಿನಿಂದ ಅವಳ ಮುಖ ಒರೆಸಿದಳು. ಒರೆಸುತ್ತಾ ತಾನೂ ಅತ್ತಳು. ಇಬ್ಬರಿಗೂ ಹಗುರಾಯಿತು.

“ಆ ಗೂಡನ್ನು ಎಲ್ಲರೂ ಒಂದೊಂದು ಸಲ ಕೈಯಲ್ಲಿ ಹಿಡಿದು ನೋಡಿ” ಅಂದರು ಮೇಡಂ. “ಮೆಲ್ಲಗೆ ಹಿಡಿಯಬೇಕು.”

ದ್ಯಾಮಿ ಗೂಡನ್ನು ಪಾರವ್ವನ ಕೈಗೆ ಕೊಟ್ಟಳು. ಮೊದಲು ಅವಳಿಗೇ ಕೊಟ್ಟಳು.

ಪಾರವ್ವನ ಕೈಯಿಂದ ಹುಸೇನಬಿ ಆಯಿಯ ಕೈಗೆ.
ಹುಸೇನಬಿ ಆಯಿಯ ಕೈಯಿಂದ ಮೌನೇಶ ಮಾಮಾನ ಕೈಗೆ.
ಮೌನೇಶ ಮಾಮಾನ ಕೈಯಿಂದ ಬೀರಪ್ಪ ಕಾಕಾನ ಕೈಗೆ.
ಬೀರಪ್ಪ ಕಾಕಾನ ಕೈಯಿಂದ ಶಾಂತತ್ತಿಯ ಕೈಗೆ.
ಶಾಂತತ್ತಿಯ ಕೈಯಿಂದ ಯಲ್ಲಜ್ಜನ ಕೈಗೆ.
ಯಲ್ಲಜ್ಜನ ಕೈಯಿಂದ ಅಕ್ಕೋರ ಕೈಗೆ, ಅಕ್ಕೋರ ಕೈಯಿಂದ ಮಕ್ಕಳೆಲ್ಲರ ಕೈಗೆ. ಸುಂದ್ರಿಗೆ ಮಾತ್ರ ಯಾರೂ ಕೊಡಲಿಲ್ಲ.

ಗೂಡು ಕೋಣೆಯನ್ನೆಲ್ಲ ಸುತ್ತಿ ಬಂತು. ಕೊನೆಗೆ ದ್ಯಾಮಿಯ ಕೈಗೆ ಬಂತು. ಒಂದು ಹುಲ್ಲಿನ ಎಳೆಯೂ ಉದುರಿರಲಿಲ್ಲ.

ನನ್ನ ಕೈಯಲ್ಲಿದ್ದ ಕಥೆ ಇಷ್ಟೇ. ಇಗೋ, ನಿಮ್ಮ ಕೈಗೆ ಕೊಟ್ಟೆ. ಮೆಲ್ಲಗೆ ಹಿಡಿದುಕೊಳ್ಳಿ.